ಸಮ್ಮೋಹನ: ಈ ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಮ್ಮೋಹನ ಅಂದರೆ ಏನು? ಚಿಕ್ಕದಾಗಿ ಹೇಳಿ.

ಈ ಪದಕ್ಕೆ ಈಗ ಎರಡು ಅರ್ಥಗಳಿವೆ. ಹಳೆಯ ಅರ್ಥದಲ್ಲಿ ಸಮ್ಮೋಹನ ಅಂದರೆ ಎದುರಿನವರ ಬುದ್ಧಿಗೆ ಮಂಕು ಕವಿಸುವುದು, ಮೈಮರೆಸುವುದು, ಮರುಳು ಮಾಡುವುದು. ಹೊಸ ಅರ್ಥದಲ್ಲಿ ಅದು ಹಿಪ್ನಾಟಿಸಂ. ಅಂದರೆ ಒಪ್ಪಿಕೊಂಡು ಬಂದ ವ್ಯಕ್ತಿಯ ಗಮನವನ್ನು ಒಂದೇ ಕಡೆ ನಿಲ್ಲಿಸಿ, ಮಾತಿನ ಮೂಲಕ ಸೂಚನೆ ಕೊಟ್ಟು, ಅವರ ಅನುಭವದಲ್ಲಿ ಬದಲಾವಣೆ ತರುವ ಕ್ರಮ. ಹಳೆಯದು ಕಾವ್ಯ ಪುರಾಣಗಳಿಂದ ಬಂತು. ಹೊಸದು ಯುರೋಪಿನ ವೈದ್ಯರಿಂದ ಬಂತು.

ಹಳೆಯ ಅರ್ಥದ ನೆರಳು ಹೊಸ ಅರ್ಥದ ಮೇಲೆ ದಟ್ಟವಾಗಿ ಬಿದ್ದಿದೆ. ಸಮ್ಮೋಹನ ಅಂದ ಕೂಡಲೇ ಜನ ಹೆದರುವುದಕ್ಕೆ ಮುಖ್ಯ ಕಾರಣ ಇದೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಚಿಕಿತ್ಸೆಯ ಕೋಣೆಯಲ್ಲಿ ನಡೆಯುವುದಕ್ಕೂ ಈ ಪದ ನಮ್ಮ ಕಿವಿಯಲ್ಲಿ ಎಬ್ಬಿಸುವ ಚಿತ್ರಕ್ಕೂ ತುಂಬಾ ಅಂತರವಿದೆ.

ಪದ ಎಲ್ಲಿಂದ ಬಂತು?

ಸಂಸ್ಕೃತದ ‘ಮುಹ್’ ಧಾತುವಿನಿಂದ. ದಿಕ್ಕು ತೋಚದಂತಾಗು, ಗೊಂದಲಕ್ಕೆ ಬೀಳು, ಎಚ್ಚರ ತಪ್ಪು ಅಂತ ಅದರ ಅರ್ಥ. ಮೋಹ, ಮೋಹನ, ಮೋಹಿನಿ, ವ್ಯಾಮೋಹ ಎಲ್ಲವೂ ಇದೇ ಮನೆತನದವು. ಅದಕ್ಕೆ ‘ಪೂರ್ತಿಯಾಗಿ’ ಅನ್ನುವ ಭಾವ ಕೊಡುವ ‘ಸಂ’ ಉಪಸರ್ಗ ಸೇರಿದರೆ ಸಮ್ಮೋಹ ಮತ್ತು ಸಮ್ಮೋಹನ. ಸಮ್ಮೋಹ ಅಂದರೆ ಆ ಸ್ಥಿತಿ. ಸಮ್ಮೋಹನ ಅಂದರೆ ಆ ಸ್ಥಿತಿಗೆ ತಳ್ಳುವ ಕ್ರಿಯೆ ಅಥವಾ ಸಾಧನ.

ಇದೇ ಧಾತುವಿನಿಂದ ಮುಗ್ಧ ಮತ್ತು ಮೂಢ ಎಂಬ ಎರಡು ಪದಗಳೂ ಬಂದಿವೆ. ಎರಡೂ ಮೂಲದಲ್ಲಿ ‘ಮೋಹಗೊಂಡವನು’ ಅಂತಲೇ. ಇವತ್ತು ಮಗುವನ್ನು ಮುಗ್ಧ ಅಂದರೆ ಮುದ್ದು, ದೊಡ್ಡವರನ್ನು ಮೂಢ ಅಂದರೆ ಬೈಗುಳ! ಸಮ್ಮೋಹನದಲ್ಲೂ ಈ ಎರಡು ಎಳೆಗಳು ಉಳಿದುಕೊಂಡಿವೆ. ಒಂದು ಕಡೆ ಸೆಳೆತ, ಬೆರಗು. ಇನ್ನೊಂದು ಕಡೆ ಬುದ್ಧಿ ಕೆಡುವ ಭಯ.

ಸಮ್ಮೋಹನವೋ, ಸಂಮೋಹನವೋ?

ಎರಡೂ ಬಳಕೆಯಲ್ಲಿವೆ, ಎರಡೂ ತಪ್ಪಲ್ಲ. ಸಮ್ಮತಿ, ಸಮ್ಮಾನ, ಸಮ್ಮೇಳನ ಅಂತ ಬರೆಯುವ ರೂಢಿ ಗಟ್ಟಿಯಾಗಿರುವುದರಿಂದ ಸಮ್ಮೋಹನವೇ ಕಣ್ಣಿಗೆ ಹೊಂದುತ್ತದೆ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೇ. ‘ಸಮೋಹನ’ ಅಂತ ಒತ್ತಕ್ಷರ ಬಿಟ್ಟು ಬರೆಯುವುದು ಮಾತ್ರ ತಪ್ಪು.

ಹಳೆಯ ಕಾವ್ಯಗಳಲ್ಲಿ ಈ ಪದ ಹೇಗೆ ಬರುತ್ತದೆ?

ಹೆಚ್ಚಾಗಿ ಅಸ್ತ್ರದ ಹೆಸರಾಗಿ. ಎಲ್ಲರಿಗೂ ಗೊತ್ತಿರುವುದು ಮಹಾಭಾರತದ ವಿರಾಟಪರ್ವದ ಪ್ರಸಂಗ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಉತ್ತರನನ್ನು ಸಾರಥಿ ಮಾಡಿಕೊಂಡು ಕೌರವ ಸೇನೆಯನ್ನು ಎದುರಿಸುತ್ತಾನೆ. ಸಮ್ಮೋಹನಾಸ್ತ್ರ ಬಿಟ್ಟು ಶಂಖ ಊದುತ್ತಾನೆ. ವೀರರ ಕೈಯಿಂದ ಬಿಲ್ಲುಗಳು ಜಾರುತ್ತವೆ. ಆಗ ಅರ್ಜುನನಿಗೆ ಒಂದು ಮಾತು ನೆನಪಾಗುತ್ತದೆ. ಉತ್ತರೆ ತನ್ನ ಬೊಂಬೆಗಳಿಗೆ ಬಣ್ಣಬಣ್ಣದ ಬಟ್ಟೆ ತರಲು ಹೇಳಿದ್ದಳಲ್ಲ! ದ್ರೋಣ ಕೃಪರ ಬಿಳಿ ಬಟ್ಟೆ, ಕರ್ಣನ ಹಳದಿ ಬಟ್ಟೆ, ಅಶ್ವತ್ಥಾಮ ದುರ್ಯೋಧನರ ನೀಲಿ ಬಟ್ಟೆ ತೆಗೆದುಕೊಂಡು ಬಾ ಅಂತ ಉತ್ತರನನ್ನು ಕಳಿಸುತ್ತಾನೆ. ಜೊತೆಗೆ ಒಂದು ಎಚ್ಚರಿಕೆ ಕೊಡುತ್ತಾನೆ: ಭೀಷ್ಮರ ಹತ್ತಿರ ಹುಷಾರು, ಈ ಅಸ್ತ್ರಕ್ಕೆ ಮದ್ದು ಅವರಿಗೆ ಗೊತ್ತು, ಅವರು ಎಚ್ಚರವಾಗಿದ್ದಾರೆ.

ಕಾಳಿದಾಸನ ರಘುವಂಶದಲ್ಲಿ ಇನ್ನೊಂದು ಪ್ರಸಂಗವಿದೆ. ಇಂದುಮತಿಯ ಸ್ವಯಂವರಕ್ಕೆ ಹೊರಟ ಅಜನಿಗೆ ನರ್ಮದೆಯ ತೀರದಲ್ಲಿ ಆನೆಯೊಂದು ಎದುರಾಗುತ್ತದೆ. ಬಾಣ ತಾಗಿದ ಕೂಡಲೇ ಅದು ಶಾಪ ಕಳೆದು ಪ್ರಿಯಂವದನೆಂಬ ಗಂಧರ್ವನಾಗುತ್ತದೆ. ಅವನು ಕೃತಜ್ಞತೆಗೆ ಕೊಡುವ ಉಡುಗೊರೆ ಸಮ್ಮೋಹನಾಸ್ತ್ರ. ಶತ್ರುವನ್ನು ಕೊಲ್ಲದೆಯೇ ಗೆಲುವು ಕೈಗೆ ಬರುತ್ತದೆ ಅನ್ನುವುದು ಅದರ ಹೆಚ್ಚುಗಾರಿಕೆ. ಮುಂದೆ ಅಸೂಯೆ ಪಟ್ಟ ರಾಜರು ದಾರಿಗೆ ಅಡ್ಡ ಬಂದಾಗ ಅಜ ಅದನ್ನು ಬಳಸುತ್ತಾನೆ. ಇಡೀ ಸೇನೆ ಧ್ವಜದ ಕಂಬಗಳಿಗೆ ಒರಗಿಕೊಂಡು ನಿದ್ದೆ ಹೋಗುತ್ತದೆ. ಎಷ್ಟು ಚೆಂದದ ಚಿತ್ರ ಅಲ್ವಾ? ರಕ್ತವಿಲ್ಲದ ಯುದ್ಧ.

ಮನ್ಮಥನ ಐದು ಬಾಣಗಳ ಹೆಸರುಗಳಲ್ಲೂ ಈ ಪದ ಇದೆ: ಉನ್ಮಾದನ, ತಾಪನ, ಶೋಷಣ, ಸ್ತಂಭನ, ಸಮ್ಮೋಹನ. ಭಗವದ್ಗೀತೆಯ ಎರಡನೇ ಅಧ್ಯಾಯದಲ್ಲಿ ‘ಕ್ರೋಧಾದ್ಭವತಿ ಸಮ್ಮೋಹಃ’ ಅನ್ನುವಾಗ ಸೆಳೆತದ ಅರ್ಥವೇ ಇಲ್ಲ. ಸಿಟ್ಟಿನಿಂದ ವಿವೇಕ ಕೆಡುತ್ತದೆ, ಅದರಿಂದ ನೆನಪು ಕೆಡುತ್ತದೆ ಅನ್ನುವ ಸರಪಳಿಯಲ್ಲಿ ಅದು ಒಂದು ಕೊಂಡಿ.

ಹಾಗಾದರೆ ಹಿಪ್ನಾಟಿಸಂ ನಮ್ಮ ಪೂರ್ವಿಕರಿಗೆ ಮೊದಲೇ ಗೊತ್ತಿತ್ತು ಅನ್ನಬಹುದೇ?

ಈ ಪದದ ಆಧಾರದ ಮೇಲೆ ಹಾಗೆ ಹೇಳಲು ಬರುವುದಿಲ್ಲ. ಕಾವ್ಯದ ಸಮ್ಮೋಹನ ಶತ್ರುವಿನ ಮೇಲೆ ದೂರದಿಂದ ಬಿಡುವ ಅಸ್ತ್ರ. ಅದಕ್ಕೆ ಎದುರಿನವರ ಒಪ್ಪಿಗೆ ಬೇಕಿಲ್ಲ. ಹಿಪ್ನಾಟಿಸಂಗೆ ಒಪ್ಪಿಗೆಯೇ ಬುಡ. ಕನ್ನಡಕ್ಕೆ ಹೊಸ ವಿದ್ಯೆ ಬಂದಾಗ ಅದಕ್ಕೊಂದು ಹೆಸರು ಬೇಕಾಯಿತು, ಕೈಗೆ ಸಿಕ್ಕಿದ್ದು ಈ ಹಳೆಯ ಪದ. ಜಪ, ಧ್ಯಾನ, ಒಂದೇ ಬಿಂದುವಿನ ಮೇಲೆ ದೃಷ್ಟಿ ನೆಡುವ ತ್ರಾಟಕದಂತಹ ಅಭ್ಯಾಸಗಳಲ್ಲಿ ಗಮನ ಒಂದೆಡೆ ನಿಲ್ಲುವುದು ನಿಜ. ಆ ಹೋಲಿಕೆ ಚರ್ಚೆಗೆ ಯೋಗ್ಯ. ಆದರೆ ಅವುಗಳನ್ನು ಹಿಂದಿನವರು ಸಮ್ಮೋಹನ ಅಂತ ಕರೆಯಲಿಲ್ಲ.

ಮೆಸ್ಮರಿಸಂ ಅಂದರೂ ಇದೇ ತಾನೇ?

ಮಾತಿನಲ್ಲಿ ಒಂದೇ ಥರ ಬಳಸುತ್ತೇವೆ. ಚರಿತ್ರೆಯಲ್ಲಿ ಬೇರೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ವಿಷಯದ ತಿರುಳು ಇಲ್ಲಿದೆ.

ಫ್ರಾನ್ಸ್ ಆಂಟನ್ ಮೆಸ್ಮರ್ ಒಬ್ಬ ವೈದ್ಯ. ಹುಟ್ಟಿದ್ದು 1734ರಲ್ಲಿ, ಕಾನ್‌ಸ್ಟನ್ಸ್ ಸರೋವರದ ದಡದ ಇಜ್ನಾಂಗ್ ಎಂಬ ಹಳ್ಳಿಯಲ್ಲಿ. ಓದಿದ್ದು ವಿಯೆನ್ನಾದಲ್ಲಿ. ಜಗತ್ತನ್ನೆಲ್ಲ ಒಂದು ಕಣ್ಣಿಗೆ ಕಾಣದ ದ್ರವ ತುಂಬಿದೆ, ಮೈಯಲ್ಲಿ ಅದರ ಹರಿವು ತಡೆಯಾದರೆ ಕಾಯಿಲೆ ಬರುತ್ತದೆ ಅಂತ ಅವನು ನಂಬಿದ್ದ. ಮೊದಲು ಅಯಸ್ಕಾಂತಗಳನ್ನು ರೋಗಿಗಳ ಮೈಗೆ ತಾಗಿಸುತ್ತಿದ್ದ. ಆಮೇಲೆ ಅಯಸ್ಕಾಂತವೂ ಬೇಡ, ತನ್ನ ಕೈಯೇ ಸಾಕು ಅನ್ನಿಸಿತು. ಇದಕ್ಕೆ ಅವನಿಟ್ಟ ಹೆಸರು ‘ಅನಿಮಲ್ ಮ್ಯಾಗ್ನೆಟಿಸಂ’. ಇಲ್ಲಿ ಅನಿಮಲ್ ಅಂದರೆ ಪ್ರಾಣಿ ಅಂತ ತಿಳಿಯಬೇಡಿ, ಜೀವಿಗಳ ಮೈಯಲ್ಲಿರುವ ಕಾಂತಶಕ್ತಿ ಅಂತ ಭಾವ.

1778ರಲ್ಲಿ ಅವನು ಪ್ಯಾರಿಸ್‌ಗೆ ಬಂದ. ಜನ ಮುಗಿಬಿದ್ದರು. ಒಬ್ಬೊಬ್ಬರನ್ನೇ ನೋಡಲು ಸಮಯ ಸಾಲದೆ ಒಂದು ದೊಡ್ಡ ಮರದ ತೊಟ್ಟಿ ಮಾಡಿಸಿದ. ಅದರೊಳಗೆ ‘ಕಾಂತಶಕ್ತಿ ತುಂಬಿದ’ ನೀರಿನ ಬಾಟಲಿಗಳು. ಮುಚ್ಚಳದಿಂದ ಹೊರಗೆ ಚಾಚಿಕೊಂಡ ಕಬ್ಬಿಣದ ಸರಳುಗಳು. ಸುತ್ತಲೂ ಕೂತ ರೋಗಿಗಳು ನೋವಿರುವ ಜಾಗಕ್ಕೆ ಸರಳು ಒತ್ತಿಕೊಳ್ಳುತ್ತಿದ್ದರು. ಹಿನ್ನೆಲೆಯಲ್ಲಿ ಗಾಜಿನ ಬಟ್ಟಲುಗಳಿಂದ ನಾದ ಹೊರಡಿಸುವ ಗ್ಲಾಸ್ ಆರ್ಮೊನಿಕಾ ವಾದ್ಯ. ಸ್ವಲ್ಪ ಹೊತ್ತಿನಲ್ಲಿ ಯಾರಿಗಾದರೂ ಮೈ ನಡುಕ, ಅಳು, ಕಿರುಚಾಟ ಶುರುವಾಗುತ್ತಿತ್ತು. ಆಮೇಲೆ ಕೆಲವರಿಗೆ ನಿಜವಾಗಿಯೂ ಹಗುರ ಅನ್ನಿಸುತ್ತಿತ್ತು.

1784ರಲ್ಲಿ ರಾಜ 16ನೇ ಲೂಯಿ ತನಿಖೆಗೆ ಆಯೋಗ ನೇಮಿಸಿದ. ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲವಾಸಿಯೇ, ಖಗೋಳ ವಿಜ್ಞಾನಿ ಬೈಯಿ, ವೈದ್ಯ ಗಿಲೋಟಿನ್ ಅದರಲ್ಲಿದ್ದರು. ಮೆಸ್ಮರ್ ನುಡಿಸುತ್ತಿದ್ದ ಆ ಗಾಜಿನ ವಾದ್ಯವನ್ನು ಕಂಡುಹಿಡಿದವನು ಇದೇ ಫ್ರಾಂಕ್ಲಿನ್! ಮೆಸ್ಮರ್ ತಾನು ತನಿಖೆಗೆ ಸಿಗಲಿಲ್ಲ. ಅವನ ಶಿಷ್ಯ ದೆಸ್ಲೋನ್ ಒಪ್ಪಿಕೊಂಡ.

ಫ್ರಾಂಕ್ಲಿನ್‌ನ ಮನೆಯ ತೋಟದಲ್ಲಿ ನಡೆದ ಒಂದು ಪರೀಕ್ಷೆ ಹೀಗಿತ್ತು. ದೆಸ್ಲೋನ್ ಒಂದು ಏಪ್ರಿಕಾಟ್ ಮರಕ್ಕೆ ಕಾಂತಶಕ್ತಿ ತುಂಬಿದ. ಆಮೇಲೆ 12 ವರ್ಷದ ಒಬ್ಬ ಹುಡುಗನನ್ನು ಕಣ್ಣು ಕಟ್ಟಿ ಕರೆತಂದರು. ಒಂದಾದ ಮೇಲೊಂದು ಮರವನ್ನು ಅಪ್ಪಿಕೊಳ್ಳಲು ಹೇಳಿದರು. ಮೊದಲ ಮರದ ಹತ್ತಿರವೇ ಹುಡುಗ ಬೆವರಿದ, ಕೆಮ್ಮಿದ. ಎರಡನೆಯದರಲ್ಲಿ ತಲೆ ಮಂಕಾಯಿತು. ನಾಲ್ಕನೆಯದರಲ್ಲಿ ಕೈಕಾಲು ಸೆಟೆದು ಪ್ರಜ್ಞೆ ತಪ್ಪಿದ. ಅವನು ಬಿದ್ದ ಜಾಗದಿಂದ ಶಕ್ತಿ ತುಂಬಿದ ಮರ 24 ಅಡಿ ದೂರದಲ್ಲಿತ್ತು. ಅದನ್ನು ಅವನು ಮುಟ್ಟಿಯೇ ಇರಲಿಲ್ಲ.

ದ್ರವ ಅಂತ ಯಾವುದೂ ಇಲ್ಲ, ಇದೆಲ್ಲ ಕಲ್ಪನೆಯ ಕೆಲಸ ಅಂತ ಆಯೋಗ ತೀರ್ಪು ಕೊಟ್ಟಿತು. ತೀರ್ಪು ಸರಿಯೇ. ಆದರೆ ಹುಡುಗ ಬಿದ್ದದ್ದು ನಾಟಕವಲ್ಲ. ಬರೀ ನಿರೀಕ್ಷೆಯಿಂದ ಮೈ ಹೀಗೆ ಬಗ್ಗುತ್ತದೆ ಅಂದರೆ ಅದೇ ದೊಡ್ಡ ಸಂಗತಿಯಲ್ಲವೇ? ಆ ಪ್ರಶ್ನೆಯನ್ನು ಆಯೋಗ ಅಲ್ಲಿಗೇ ಬಿಟ್ಟಿತು. ಹಿಪ್ನಾಟಿಸಂನ ಚರಿತ್ರೆ ನಿಜವಾಗಿ ಅಲ್ಲಿಂದಲೇ ಮುಂದುವರಿದದ್ದು.

ಮೆಸ್ಮರ್ 1815ರಲ್ಲಿ ತೀರಿಕೊಂಡ. ಅವನ ದ್ರವ ಮರೆತುಹೋಯಿತು, ಹೆಸರು ಉಳಿಯಿತು. ‘ಅವರ ಗಾಯನಕ್ಕೆ ಮೆಸ್ಮರೈಸ್ ಆದೆ’ ಅನ್ನುವಾಗ ನಾವು ಹೇಳುತ್ತಿರುವುದು ಒಬ್ಬ ಡಾಕ್ಟರ ಅಡ್ಡಹೆಸರನ್ನು.

ಇದರಲ್ಲಿ ಗೋವಾದ ಪಾದ್ರಿಯೊಬ್ಬರ ಹೆಸರು ಕೇಳಿದ್ದೇನೆ. ಅವರು ಯಾರು?

ಅಬೆ ಫರಿಯಾ. ಪೂರ್ತಿ ಹೆಸರು ಜೋಸೆ ಕುಸ್ತೋದಿಯೊ ದೆ ಫರಿಯಾ. 1756ರಲ್ಲಿ ಗೋವಾದ ಕಾಂದೋಳಿಯಲ್ಲಿ ಹುಟ್ಟಿದರು. ಪ್ಯಾರಿಸ್‌ನಲ್ಲಿ 1813ರಿಂದ ಸಾರ್ವಜನಿಕ ಪ್ರಯೋಗಗಳನ್ನು ನಡೆಸಿದರು. ಕೈ ಆಡಿಸುವುದು, ತೊಟ್ಟಿ, ಸರಳು ಯಾವುದೂ ಇಲ್ಲ. ವ್ಯಕ್ತಿಯನ್ನು ಆರಾಮವಾಗಿ ಕೂರಿಸಿ, ನಿದ್ದೆಯ ಮೇಲೆ ಮನಸ್ಸಿಡಲು ಹೇಳಿ, ಆಮೇಲೆ ಗಟ್ಟಿಯಾಗಿ ‘ನಿದ್ದೆ ಮಾಡಿ’ ಅನ್ನುತ್ತಿದ್ದರು.

ಫರಿಯಾ ಹೇಳಿದ ಮಾತು ಆ ಕಾಲಕ್ಕೆ ತೀರಾ ಹೊಸದು. ಶಕ್ತಿ ಇರುವುದು ಮಾಡಿಸುವವನಲ್ಲಿ ಅಲ್ಲ, ಒಳಗಾಗುವವನಲ್ಲಿ. 1819ರಲ್ಲಿ, ತಾವು ತೀರಿಕೊಂಡ ವರ್ಷವೇ, ಇದನ್ನು ಪುಸ್ತಕವಾಗಿ ಬರೆದರು. ಬದುಕಿದ್ದಾಗ ಅವರಿಗೆ ಸಿಕ್ಕಿದ್ದು ಜಾಸ್ತಿ ಗೇಲಿಯೇ. ಪಣಜಿಯಲ್ಲಿ ಅವರ ಪ್ರತಿಮೆ ಇದೆ. ಕೈಚಾಚಿ ನಿಂತ ಪಾದ್ರಿ, ಎದುರಿಗೆ ಒರಗಿ ಬೀಳುತ್ತಿರುವ ಹೆಂಗಸು. ಶಿಲ್ಪ ಸೊಗಸಾಗಿದೆ, ಒಪ್ಪುತ್ತೇನೆ. ಆದರೆ ಶಕ್ತಿಯೆಲ್ಲ ಪಾದ್ರಿಯ ಕೈಯಿಂದಲೇ ಹೊರಡುತ್ತಿರುವಂತೆ ಕಾಣುತ್ತದೆ. ಫರಿಯಾ ಜೀವನವಿಡೀ ಹೇಳಿದ್ದು ಅದರ ಉಲ್ಟಾ.

ಹಿಪ್ನಾಟಿಸಂ ಎಂಬ ಹೆಸರನ್ನು ಯಾರು ಕೊಟ್ಟರು?

ಗ್ರೀಕರ ನಿದ್ರಾದೇವತೆ ಹಿಪ್ನಾಸ್. ರಾತ್ರಿಯ ಮಗ, ಸಾವಿನ ಸೋದರ. ‘ಹಿಪ್ನೋ’ ಸೇರಿಸಿದ ಪದಗಳನ್ನು ಫ್ರಾನ್ಸ್‌ನಲ್ಲಿ 1820ರ ಸುಮಾರಿಗೇ ಕೆಲವರು ಬಳಸಿದ್ದರು. ಆದರೆ ಪದವನ್ನು ಜಗತ್ತಿಗೆ ಹಬ್ಬಿಸಿದ್ದು ಮ್ಯಾಂಚೆಸ್ಟರ್‌ನಲ್ಲಿದ್ದ ಸ್ಕಾಟಿಷ್ ಶಸ್ತ್ರಚಿಕಿತ್ಸಕ ಜೇಮ್ಸ್ ಬ್ರೇಡ್.

1841ರ ನವೆಂಬರ್‌ನಲ್ಲಿ ಬ್ರೇಡ್ ಒಂದು ಮೆಸ್ಮರಿಸಂ ಪ್ರದರ್ಶನ ನೋಡಲು ಹೋದರು. ಮೋಸ ಹಿಡಿಯಬೇಕು ಅನ್ನುವುದು ಉದ್ದೇಶ. ಆದರೆ ಒಳಗಾದವರಿಗೆ ರೆಪ್ಪೆ ತೆರೆಯಲು ನಿಜವಾಗಿಯೂ ಆಗುತ್ತಿಲ್ಲ ಅನ್ನುವುದು ಅವರ ಕಣ್ಣಿಗೆ ಬಿತ್ತು. ಕಣ್ಣಿನ ಆಯಾಸ ಕಾರಣವಿರಬಹುದೇ? ಮನೆಗೆ ಬಂದು ಪರೀಕ್ಷಿಸಿದರು. ಒಬ್ಬ ಗೆಳೆಯನನ್ನು ಕೂರಿಸಿ, ಕಣ್ಣಿಗೆ ಒತ್ತಡ ಬೀಳುವಷ್ಟು ಎತ್ತರದಲ್ಲಿಟ್ಟ ವೈನ್ ಬಾಟಲಿಯ ತುದಿಯನ್ನೇ ನೋಡಲು ಹೇಳಿದರು. ಮೂರೇ ನಿಮಿಷ. ರೆಪ್ಪೆ ಮುಚ್ಚಿತು, ಕೆನ್ನೆಯ ಮೇಲೆ ನೀರು ಹರಿಯಿತು, ತಲೆ ಬಾಗಿತು. ಆಮೇಲೆ ಹೆಂಡತಿಯ ಸರದಿ. ಅವರು ಸಕ್ಕರೆ ಬಟ್ಟಲಿನ ಚಿತ್ತಾರವನ್ನು ದಿಟ್ಟಿಸಿದರು, ಅವರಿಗೂ ಹಾಗೆಯೇ ಆಯಿತು. ಬಾಟಲಿಗೆ ಯಾವ ಕಾಂತಶಕ್ತಿ?

1843ರ ಪುಸ್ತಕದಲ್ಲಿ ಬ್ರೇಡ್ ಇದನ್ನು ‘ನರಗಳ ನಿದ್ದೆ’ ಅನ್ನುವ ಅರ್ಥ ಬರುವಂತೆ ಹೆಸರಿಸಿದರು, ಅದನ್ನೇ ಚಿಕ್ಕದು ಮಾಡಿ ಹಿಪ್ನಾಟಿಸಂ ಅಂದರು. ಕೆಲವು ವರ್ಷಗಳಲ್ಲೇ ಇದು ನಿದ್ದೆಯಲ್ಲ ಅಂತ ಅವರಿಗೆ ಖಚಿತವಾಯಿತು. ಮನಸ್ಸು ಒಂದೇ ಯೋಚನೆಯ ಮೇಲೆ ನಿಂತ ಸ್ಥಿತಿ ಅಂತ ‘ಮೊನೊಐಡಿಯಿಸಂ’ ಎಂಬ ಹೆಸರು ಸೂಚಿಸಿದರು. ಅಷ್ಟರಲ್ಲಿ ಹಳೆಯ ಹೆಸರು ಊರೆಲ್ಲ ಹರಡಿತ್ತು. ಹೊಸದನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಹೀಗೆ ಗ್ರೀಕ್ ಹೆಸರಿನಲ್ಲಿ ನಿದ್ದೆ ಇದೆ, ನಮ್ಮ ಹೆಸರಿನಲ್ಲಿ ಮೋಹ ಇದೆ. ಅಲ್ಲಿ ನಡೆಯುವುದು ಎರಡೂ ಅಲ್ಲ.

ನಿದ್ದೆಯಲ್ಲದಿದ್ದರೆ ‘ಸಮ್ಮೋಹನ ನಿದ್ರೆ’ ಅಂತ ಯಾಕೆ ಬರೆಯುತ್ತಾರೆ?

ಹೊರಗಿನಿಂದ ನಿದ್ದೆಯ ಹಾಗೆ ಕಾಣುವುದರಿಂದ. ಮೈ ಸಡಿಲವಾಗಿರುತ್ತದೆ, ಕಣ್ಣು ಮುಚ್ಚಿರುತ್ತದೆ. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ ನೋಡಿದರೆ ನಿದ್ದೆಯ ಗುರುತುಗಳು ಸಿಗುವುದಿಲ್ಲ. ವ್ಯಕ್ತಿ ಮಾತು ಕೇಳಿಸಿಕೊಳ್ಳುತ್ತಾನೆ, ಉತ್ತರಿಸುತ್ತಾನೆ, ಸಾಮಾನ್ಯವಾಗಿ ನಡೆದದ್ದನ್ನು ನೆನಪಿಟ್ಟುಕೊಳ್ಳುತ್ತಾನೆ. ‘ಸಮ್ಮೋಹನ ಸ್ಥಿತಿ’ ಅಂತ ಬರೆಯಿರಿ, ಅದೇ ಸರಿ.

ಆ ಸ್ಥಿತಿಯಲ್ಲಿ ನಿಜಕ್ಕೂ ಏನಾಗುತ್ತದೆ?

ಕಾದಂಬರಿಯಲ್ಲಿ ಮುಳುಗಿದವರಿಗೆ ಪಕ್ಕದಲ್ಲಿ ಕರೆದದ್ದೂ ಕೇಳಿಸುವುದಿಲ್ಲವಲ್ಲ, ಅದಕ್ಕೆ ಹತ್ತಿರದ್ದು. ಗಮನ ಒಂದು ಕಡೆ ಕೂಡುತ್ತದೆ, ಸುತ್ತಲಿನದು ಹಿಂದೆ ಸರಿಯುತ್ತದೆ, ಸೂಚನೆಗೆ ಮನಸ್ಸು ಹೆಚ್ಚು ಸ್ಪಂದಿಸುತ್ತದೆ. ಇದು ಬೇರೆಯೇ ಒಂದು ಪ್ರಜ್ಞಾಸ್ಥಿತಿಯೋ ಅಥವಾ ಕಲ್ಪನೆ, ನಿರೀಕ್ಷೆ, ಸಹಕಾರ ಸೇರಿ ಆಗುವ ಅನುಭವವೋ ಅನ್ನುವ ವಾದ ವಿಜ್ಞಾನಿಗಳ ನಡುವೆ ಇನ್ನೂ ನಡೆದಿದೆ.

19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸ್‌ನಲ್ಲೇ ಎರಡು ಬಣಗಳಿದ್ದವು. ಪ್ಯಾರಿಸ್‌ನ ನರರೋಗ ವೈದ್ಯ ಶಾರ್ಕೊ ಇದು ಹಿಸ್ಟೀರಿಯಾ ಇರುವವರಲ್ಲಿ ಕಾಣುವ ರೋಗಲಕ್ಷಣ ಅಂದರು. ನ್ಯಾನ್ಸಿ ಊರಿನ ವೈದ್ಯ ಬರ್ನ್‌ಹೈಮ್ ಇದು ಆರೋಗ್ಯವಂತರಲ್ಲೂ ಆಗುವಂಥದ್ದು, ಎಲ್ಲವೂ ಸೂಚನೆಯ ಫಲ ಅಂದರು. ಗೆದ್ದದ್ದು ನ್ಯಾನ್ಸಿಯ ವಾದ.

ಕೆಲಸ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡಬೇಕಾದರೆ 1959ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ವೈಟ್ಜನ್‌ಹಾಫರ್ ಮತ್ತು ಹಿಲ್ಗಾರ್ಡ್ ಎಂಬ ಮನಶ್ಶಾಸ್ತ್ರಜ್ಞರು, ಯಾರು ಎಷ್ಟು ಒಳಗಾಗುತ್ತಾರೆ ಅಂತ ತಿಳಿಯಲು ರೂಪಿಸಿದ ಅಳತೆಯನ್ನು ನೋಡಿ. ಅದರಲ್ಲಿ 12 ಪರೀಕ್ಷೆಗಳಿವೆ. ಚಾಚಿದ ಕೈ ಭಾರವಾಗುತ್ತಿದೆ, ಕೆಳಗೆ ಇಳಿಯುತ್ತಿದೆ ಅನ್ನುತ್ತಾರೆ, ಕೈ ಇಳಿಯುತ್ತದೆಯೇ? ಹೆಣೆದ ಬೆರಳುಗಳು ಬಿಡಿಸಲಾಗದಂತೆ ಬಿಗಿದಿವೆ ಅನ್ನುತ್ತಾರೆ, ಬಿಡಿಸಲು ಆಗುತ್ತದೆಯೇ? ಇಲ್ಲದ ನೊಣವೊಂದು ಗುಂಯ್‌ಗುಡುತ್ತಿದೆ ಅನ್ನುತ್ತಾರೆ, ಓಡಿಸಲು ಕೈ ಏಳುತ್ತದೆಯೇ? ಕೈ ಇಳಿಯುವುದು ಬಹಳ ಜನಕ್ಕೆ ಆಗುತ್ತದೆ. ನೊಣ ಓಡಿಸುವವರು ಕಡಿಮೆ.

ಎಲ್ಲರನ್ನೂ ಸಮ್ಮೋಹನಕ್ಕೆ ಒಳಪಡಿಸಬಹುದೇ?

ಒಂದೇ ಮಟ್ಟಕ್ಕೆ ಅಲ್ಲ. ಹೆಚ್ಚಿನವರು ನಡುಮಟ್ಟದಲ್ಲಿರುತ್ತಾರೆ. ತುಂಬಾ ಸುಲಭವಾಗಿ ಒಳಗಾಗುವವರು ಸ್ವಲ್ಪ, ಏನೂ ಆಗದವರು ಸ್ವಲ್ಪ. ಒಬ್ಬರ ಈ ಸ್ವಭಾವ ಬೇಗ ಬದಲಾಗುವುದಿಲ್ಲ. ಒಮ್ಮೆ ಅಳೆದ ಒಂದು ಗುಂಪಿನ ಜನರನ್ನೇ 25 ವರ್ಷಗಳ ನಂತರ ಮತ್ತೆ ಅಳೆದಾಗಲೂ ಅಂಕಗಳು ಹೆಚ್ಚು ಆಚೀಚೆ ಆಗಿರಲಿಲ್ಲ. ಇದಕ್ಕೂ ದಡ್ಡತನಕ್ಕೂ ಸಂಬಂಧವಿಲ್ಲ. ‘ಗಟ್ಟಿ ಮನಸ್ಸಿನವರು ಬೀಳುವುದಿಲ್ಲ’ ಅನ್ನುವುದು ಸುಮ್ನೆ ಮಾತು.

ಇಷ್ಟವಿಲ್ಲದ ಕೆಲಸ ಮಾಡಿಸಬಹುದೇ?

1965ರಲ್ಲಿ ಮಾರ್ಟಿನ್ ಆರ್ನ್ ಮತ್ತು ಫ್ರೆಡರಿಕ್ ಇವಾನ್ಸ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉತ್ತರ. ಸಮ್ಮೋಹನಕ್ಕೆ ಒಳಗಾದವರಿಗೆ ವಿಷದ ಹಾವು ಹಿಡಿಯಲು, ಆಸಿಡ್‌ಗೆ ಕೈ ಹಾಕಲು ಹೇಳಿದರು. ಗಾಯವಾಗದಂತೆ ತೆರೆಮರೆಯಲ್ಲಿ ವ್ಯವಸ್ಥೆ ಇತ್ತು. ಹೆಚ್ಚಿನವರು ಮಾಡಿದರು! ಇಷ್ಟಕ್ಕೇ ನಿಲ್ಲಿಸಿದ್ದರೆ ಭಯಪಡಬೇಕಿತ್ತು. ಆದರೆ ಸಮ್ಮೋಹನಕ್ಕೆ ಒಳಗಾಗದೆ, ಒಳಗಾದಂತೆ ನಟಿಸುತ್ತಿದ್ದವರಿಗೂ ಅದೇ ಮಾತು ಹೇಳಿದರು. ಅವರೂ ಮಾಡಿದರು. ಇಷ್ಟು ದೊಡ್ಡ ಪ್ರಯೋಗಾಲಯದಲ್ಲಿ ನಮಗೆ ಅಪಾಯವಾಗಲು ಬಿಡುವುದಿಲ್ಲ ಅನ್ನುವ ನಂಬಿಕೆ ಅವರದ್ದು.

ಅಂದರೆ ಇಲ್ಲಿ ಕೆಲಸ ಮಾಡಿದ್ದು ಮಾಯೆಯಲ್ಲ, ವಿಶ್ವಾಸ. ಡಾಕ್ಟರು, ಗುರು, ಅಧಿಕಾರಿ ಹೇಳಿದರು ಅಂತ ಎಚ್ಚರವಿರುವಾಗಲೂ ಜನ ಎಷ್ಟೋ ಮಾಡುತ್ತಾರೆ. ಆದ್ದರಿಂದ ಯಾರ ಎದುರಿಗೆ ಕೂರುತ್ತೀರಿ ಅನ್ನುವುದು ಮುಖ್ಯ. ವೇದಿಕೆಯ ಪ್ರದರ್ಶನಗಳಲ್ಲಿ ಜನ ನಗೆಪಾಟಲಾಗುವಂತೆ ಆಡುವುದಕ್ಕೂ ಇದೇ ವಿವರಣೆ ಸಾಕು. ಸ್ವಂತ ಇಷ್ಟದಿಂದ ಮೇಲೆ ಹತ್ತಿದವರಲ್ಲಿ ಚೆನ್ನಾಗಿ ಸ್ಪಂದಿಸುವವರನ್ನು ಆರಿಸಿಕೊಂಡಿರುತ್ತಾರೆ, ಉಳಿದವರನ್ನು ಮೆಲ್ಲಗೆ ಕೆಳಗೆ ಕಳಿಸಿರುತ್ತಾರೆ.

ಎಚ್ಚರವೇ ಆಗದೆ ಹೋದರೆ?

ಹಾಗೆ ಆಗುವುದಿಲ್ಲ. ಹೇಳುವವರು ಎದ್ದು ಹೋದರೆ ಕೂತವರು ತಾವೇ ಕಣ್ಣು ಬಿಡುತ್ತಾರೆ, ಇಲ್ಲವೇ ನಿಜವಾಗಿ ನಿದ್ದೆ ಹೋಗಿ ಏಳುತ್ತಾರೆ.

ಚಿಕಿತ್ಸೆಯಲ್ಲಿ ಉಪಯೋಗವಿದೆಯೇ?

ಇದೆ, ಮಿತಿಯೂ ಇದೆ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಶಸ್ತ್ರಚಿಕಿತ್ಸಕರು ಮೆಸ್ಮರಿಸಂ ಬಳಸಿ ದೊಡ್ಡ ದೊಡ್ಡ ಗೆಡ್ಡೆಗಳನ್ನು ಕತ್ತರಿಸಿ ತೆಗೆದರು. ಆಗ ಅರಿವಳಿಕೆ ಇರಲೇ ಇಲ್ಲ. ಕಲ್ಕತ್ತಾದಲ್ಲಿ ಇದಕ್ಕೆಂದೇ ಒಂದು ಆಸ್ಪತ್ರೆಯೂ ಶುರುವಾಯಿತು. ಆದರೆ 1846ರಲ್ಲಿ ಈಥರ್, 1847ರಲ್ಲಿ ಕ್ಲೋರೋಫಾರ್ಮ್ ಬಂದವು. ನಿಮಿಷಗಳಲ್ಲಿ ಎಲ್ಲರಿಗೂ ಕೆಲಸ ಮಾಡುವ ಔಷಧ ಸಿಕ್ಕ ಮೇಲೆ ಗಂಟೆಗಟ್ಟಲೆ ಕೈ ಆಡಿಸುವುದು ಯಾರಿಗೆ ಬೇಕು?

ಮುಂದೆ 1955ರಲ್ಲಿ ಬ್ರಿಟನ್ನಿನ, 1958ರಲ್ಲಿ ಅಮೆರಿಕದ ವೈದ್ಯಕೀಯ ಸಂಘಗಳು ಇದಕ್ಕೆ ವೈದ್ಯಕೀಯದಲ್ಲಿ ಜಾಗವಿದೆ ಅಂತ ಒಪ್ಪಿದವು. ಪದೇ ಪದೇ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಕಾಡುವ ಕರುಳಿನ ಐಬಿಎಸ್ ತೊಂದರೆಗೆ ವೈದ್ಯ ಪೀಟರ್ ವೋರ್ವೆಲ್ ಮ್ಯಾಂಚೆಸ್ಟರ್‌ನಲ್ಲಿ ನಡೆಸಿದ ಪ್ರಯೋಗ 1984ರಲ್ಲಿ ಪ್ರಕಟವಾಯಿತು, ಆ ದಾರಿಯಲ್ಲಿ ಈಗಲೂ ಕೆಲಸ ನಡೆದಿದೆ. ನೋವು ತಗ್ಗಿಸಲು, ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕಕ್ಕೂ ಇದು ನೆರವಾಗುತ್ತದೆ. ಇದು ಸಹಾಯಕ ಸಾಧನ, ತಾನೇ ಒಂದು ಪೂರ್ತಿ ಚಿಕಿತ್ಸೆಯಲ್ಲ. ಭ್ರಮೆಗಳಂತಹ ಗಂಭೀರ ಮಾನಸಿಕ ತೊಂದರೆ ಇರುವವರು ಮನೋವೈದ್ಯರನ್ನು ಕೇಳದೆ ಮುಂದುವರಿಯಲೇಬಾರದು.

ಮರೆತ ನೆನಪು, ಪೂರ್ವಜನ್ಮದ ನೆನಪು ಹೊರಗೆ ತೆಗೆಯಬಹುದೇ?

ಇದರಲ್ಲಿ ನಾನು ಕಟ್ಟುನಿಟ್ಟು. ಸಮ್ಮೋಹನ ಸ್ಥಿತಿಯಲ್ಲಿ ಹೇಳಿಕೊಂಡ ನೆನಪು ಹೆಚ್ಚು ನಿಖರವಾಗಿರುವುದಿಲ್ಲ. ಹೆಚ್ಚುವುದು ‘ಇದು ನಿಜ’ ಅನ್ನುವ ಧೈರ್ಯ. ಕೇಳುವವರ ಪ್ರಶ್ನೆಯೇ ಸೂಚನೆಯಾಗಿ, ನಡೆಯದ ಘಟನೆ ನೆನಪಿನಂತೆ ಕೂತುಬಿಡಬಹುದು. ಹೀಗೆ ಹುಟ್ಟಿದ ಆರೋಪಗಳಿಂದ ಎಷ್ಟೋ ಸಂಸಾರಗಳು ಒಡೆದಿವೆ. ಅನೇಕ ದೇಶಗಳ ನ್ಯಾಯಾಲಯಗಳು ಇಂಥ ಸಾಕ್ಷ್ಯವನ್ನು ಅನುಮಾನದಿಂದಲೇ ನೋಡುತ್ತವೆ.

ಸಮ್ಮೋಹನಕ್ಕೂ ವಶೀಕರಣಕ್ಕೂ ಏನು ವ್ಯತ್ಯಾಸ?

ವಶೀಕರಣ ತಂತ್ರಶಾಸ್ತ್ರದ ಮಾತು. ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ ಅಂತ ಹೇಳುವ ಷಟ್ಕರ್ಮಗಳಲ್ಲಿ ವಶ್ಯ ಅಂದರೆ ಇದೇ. ಇನ್ನೊಬ್ಬರ ಇಚ್ಛೆಯನ್ನು ಅವರಿಗೆ ತಿಳಿಯದಂತೆ ಕೈವಶ ಮಾಡಿಕೊಳ್ಳುವ ಆಸೆ ಅದರಲ್ಲಿದೆ. ಹಿಪ್ನಾಟಿಸಂ ಅನ್ನುವ ಅರ್ಥದ ಸಮ್ಮೋಹನಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ‘ಸಮ್ಮೋಹನ ವಶೀಕರಣ ತಜ್ಞರು’ ಅಂತ ಎರಡನ್ನೂ ಸೇರಿಸಿ ಜಾಹೀರಾತು ಕೊಡುವವರಿಂದ ದೂರವಿರಿ.

ಕನ್ನಡದಲ್ಲಿ ಹತ್ತಿರದ ಇನ್ನೂ ಕೆಲವು ಮಾತುಗಳಿವೆ. ಮೋಡಿ ಹೆಚ್ಚು ಹಗುರವಾದದ್ದು, ‘ಮಾತಿನ ಮೋಡಿ’, ‘ಕಂಠದ ಮೋಡಿ’ ಅಂತ ಮೆಚ್ಚುಗೆಗೂ ಬರುತ್ತದೆ. ಕಣ್ಕಟ್ಟು ಕೈಚಳಕದ್ದು. ಮಂಕುಬೂದಿ ಎರಚುವುದು ಅಂದರೆ ನೇರವಾಗಿ ಮೋಸ. ಪರವಶತೆಯಲ್ಲಿ ಭಕ್ತಿಯ ಬಣ್ಣ ಇದೆ.

ವಾಕ್ಯದಲ್ಲಿ ಹೇಗೆ ಬಳಸಬೇಕು?

ಚಿಕಿತ್ಸೆಯ ಸಂದರ್ಭದಲ್ಲಿ ‘ಸಮ್ಮೋಹನಕ್ಕೆ ಒಳಪಡಿಸಿದರು’, ‘ಸಮ್ಮೋಹನಕ್ಕೆ ಒಳಗಾದರು’ ಸರಿಹೊಂದುತ್ತವೆ. ಒಳಗಾದ ವ್ಯಕ್ತಿ ಸಮ್ಮೋಹಿತ. ಸೆಳೆಯುವ ಗುಣ ಸಮ್ಮೋಹಕ: ‘ಸಮ್ಮೋಹಕ ದನಿ’, ‘ಸಮ್ಮೋಹಕ ನಗು’. ತನ್ನನ್ನು ತಾನೇ ಆ ಸ್ಥಿತಿಗೆ ತಂದುಕೊಳ್ಳುವುದು ಸ್ವಸಮ್ಮೋಹನ. ಸಮ್ಮೋಹಿನಿ ವಿದ್ಯೆ ಅನ್ನುವ ಮಾತೂ ರೂಢಿಯಲ್ಲಿದೆ, ಆದರೆ ಅದರಲ್ಲಿ ಮಂತ್ರವಾದಿಯ ಗಾಳಿ ಜಾಸ್ತಿ. ವೈದ್ಯಕೀಯ ಬರಹಕ್ಕೆ ಬೇಡ.

ಹಾಡು ಕೇಳಿ ‘ಸಮ್ಮೋಹಿತಳಾದೆ’ ಅನ್ನಬಹುದೇ ಅಂತ ಕೆಲವರು ಕೇಳುತ್ತಾರೆ. ಧಾರಾಳವಾಗಿ ಅನ್ನಬಹುದು. ಮನ್ಮಥನ ಬಾಣದ ಕಾಲದಿಂದ ಆ ಅರ್ಥ ಇದ್ದೇ ಇದೆ. ‘ಮಂತ್ರಮುಗ್ಧಳಾದೆ’, ‘ಮೈಮರೆತೆ’ ಕೂಡ ಅಷ್ಟೇ ಚೆಂದ.

‘ಸಮ್ಮೋಹನಗೊಳಿಸಿ ಒಡವೆ ದೋಚಿದರು’ ಅಂತ ಸುದ್ದಿಗಳಲ್ಲಿ ಓದುತ್ತೇವೆ. ಅದು ಸರಿಯಾದ ಬಳಕೆಯೇ?

ಅಲ್ಲ, ಮತ್ತು ಈ ಬಳಕೆ ಕೆಡುಕು ಮಾಡುತ್ತದೆ. ರಸ್ತೆಯಲ್ಲಿ ಅಪರಿಚಿತರು ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಮಾತ್ರಕ್ಕೆ ಯಾರೂ ಬಳೆ ಬಿಚ್ಚಿ ಕೊಡುವುದಿಲ್ಲ. ಅಲ್ಲಿ ನಡೆದಿರುವುದು ಬೇರೆ. ಮನೆಗೆ ಕೇಡು ಕಾದಿದೆ ಅಂತ ಹೆದರಿಸಿರುತ್ತಾರೆ. ಪೊಲೀಸರ ಸೋಗು ಹಾಕಿರುತ್ತಾರೆ. ಯೋಚಿಸಲು ಪುರುಸೊತ್ತು ಕೊಡದೆ ಅವಸರ ಮಾಡಿರುತ್ತಾರೆ. ಕೆಲವು ಸಲ ತಿನ್ನುವ ಕುಡಿಯುವ ಪದಾರ್ಥದಲ್ಲಿ ಮತ್ತು ಬರುವ ಔಷಧ ಬೆರೆಸಿರುತ್ತಾರೆ. ಸಮ್ಮೋಹನ ಅಂದುಬಿಟ್ಟರೆ ಇದೆಲ್ಲ ಮುಚ್ಚಿಹೋಗುತ್ತದೆ, ಕಳ್ಳನಿಗೆ ಇಲ್ಲದ ಶಕ್ತಿ ಬರುತ್ತದೆ. ಕಳೆದುಕೊಂಡವರು ಹಾಗೆ ಹೇಳುವುದು ಅರ್ಥವಾಗುತ್ತದೆ. ಹೇಗೆ ಕೊಟ್ಟುಬಿಟ್ಟೆ ಅನ್ನುವ ನಾಚಿಕೆ ಅಷ್ಟು ದೊಡ್ಡದು. ಸುದ್ದಿ ಬರೆಯುವವರು ಮಾತ್ರ ‘ವಂಚಿಸಿದರು’, ‘ಬೆದರಿಸಿದರು’, ‘ಮತ್ತು ಬರಿಸಿದರು’ ಅಂತ ನಡೆದದ್ದನ್ನೇ ಬರೆಯಲಿ.

ದೂರು ಕೊಡುವಾಗಲೂ ಅಷ್ಟೇ. ‘ಏನೋ ಮಾಡಿಬಿಟ್ಟರು’ ಅಂತ ನಿಲ್ಲಿಸಬೇಡಿ. ಅವರು ಮೊದಲು ಏನು ಹೇಳಿದರು, ಎಷ್ಟು ಜನ ಇದ್ದರು, ಏನಾದರೂ ತಿನ್ನಲು, ಮೂಸಲು ಕೊಟ್ಟರೇ, ಆಮೇಲೆ ತಲೆ ಸುತ್ತಿತೇ ಅನ್ನುವುದನ್ನು ನೆನಪಿದ್ದಷ್ಟು ಬರೆಸಿ. ಮತ್ತಿನ ಔಷಧದ ಅನುಮಾನವಿದ್ದರೆ ತಡಮಾಡದೆ ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಕೆಲವು ಔಷಧಗಳ ಗುರುತು ಮೈಯಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ.